ಇಪ್ಪತ್ತೇಳನೆಯ ಸೀಟು

ರಾತ್ರಿ ಎರಡಕ್ಕೆ ಏಳುತ್ತೇನೆ.
ಅಸ್ವಾನಿನ ಕೋಳಿಗಳಿಗೂ ನನಗೂ ಈ ವಿಷಯದಲ್ಲಿ ಪೈಪೋಟಿಯಿಲ್ಲ,
ಅವಕ್ಕಿನ್ನೂ ಅರ್ಧ ನಿದ್ದೆ.
ನಲವತ್ತು ಡಬ್ಬಿ, ನಲವತ್ತು ಮೊಟ್ಟೆ,
ಎಂಬತ್ತು ರೊಟ್ಟಿ, ಮೂರು ಮೂಲೆಯ ಚೀಸು,
ಚಿಟಿಕೆ ಉಪ್ಪಿನ ಪೊಟ್ಟಣ,
ಕಿತ್ತಳೆ; ಅದು ತುಟ್ಟಿಯಾದ ದಿನ ಸೌತೆಕಾಯಿ.
ಮೂರೂವರೆಗೆ ಶಾಜ್ಲಿ ಹಾರ್ನು ಹೊಡೆಯದೆ ಬಂದು
ಬಸ್ಸಿನ ಹೊಟ್ಟೆ ತೆರೆದು ತುಂಬಿಕೊಳ್ಳುತ್ತಾನೆ,
ಅಬು ಸಿಂಬೆಲ್ಲಿಗೆ ಹೊರಡುತ್ತಾನೆ.
ಹನ್ನೊಂದು ವರ್ಷ.
ನಾನು ಬೇಯಿಸಿದ ಮೊಟ್ಟೆಗಳೆಲ್ಲ ಹೋದ ಗುಡಿಗೆ
ನಾನು ಹೋಗಿಲ್ಲ.

ಇವತ್ತು ಯಾರೋ ಪೋರ್ಚುಗೀಸ್ ಮುದುಕನಿಗೆ ಹೊಟ್ಟೆ ಕೆಟ್ಟಿದೆ.
"ಹತ್ತು ಸುಕ್ಕರಾ," ಅಂದ ಶಾಜ್ಲಿ,
"ದುಡ್ಡು ಕಟ್ಟಿದ ಸೀಟಲ್ಲಿ ಗಾಳಿ ಯಾಕೆ ಕೂರಬೇಕು?"

ಹೇಳಿ ಬರೋಣವೆಂದು ಒಳಗೆ ಹೋದೆ. ಅಮ್ಮ ಎದ್ದೇ ಇದ್ದಳು.
ಬಲ್ಲಾನಾ ಬಿಡುವಾಗ ಅವಳಿಗೆ ಒಂಬತ್ತು.
ಕೆರೆ ಏರಿ ಬರುತ್ತದೆ ಎಂದು ಎಲ್ಲರನ್ನೂ ದೋಣಿ ಹತ್ತಿಸಿದಾಗ
ಅಜ್ಜಿ ಬಾಗಿಲಿಗೆ ಬೀಗ ಜಡಿದು
ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳಂತೆ,
ಮೀನು ಒಳಗೆ ನುಗ್ಗದಿರಲಿ ಎಂಬಂತೆ.

"ನಾವು ಅವನನ್ನು ರಾಜ ಅಂತಿರಲಿಲ್ಲ ಕಣೇ," ಅಂದಳು ಅಮ್ಮ.
"ನೆರಳು ಅಂತಿದ್ವಿ.
ಚಿಕ್ಕಮ್ಮನ ಆಡು ಹೊಡೆದುಕೊಂಡು ಹೋದರೆ
ಮಧ್ಯಾಹ್ನ ಅವನ ಕಾಲ ಬುಡದಲ್ಲೇ ಎಲ್ಲರೂ ಮಲಗೋದು.
ಹತ್ತಿ ನಿಂತರೆ ಹೆಬ್ಬೆರಳು ನನ್ನ ತೊಡೆಗೆ ಬರುತ್ತಿತ್ತು.
ನೀನು ಪಕ್ಕದಲ್ಲಿ ನಿಂತು ನೋಡು.
ನಾನು ಎಷ್ಟು ಚಿಕ್ಕವಳಿದ್ದೆ ಅಂತ ಗೊತ್ತಾಗುತ್ತೆ."

ಮರುಭೂಮಿ ಕತ್ತಲಲ್ಲಿ ಏನೂ ಅಲ್ಲ, ಬರೀ ಉದ್ದ.
ಬಾಯಿ ತೆರೆದು ನಿದ್ದೆ ಹೋದ ದೇಶವಿದೇಶ;
ಯಾರದೋ ತಲೆ ನನ್ನ ಹೆಗಲ ಮೇಲೆ, ಶಾಂಪೂವಿನ ವಾಸನೆ.
ಬೆಳಕು ಬಿಟ್ಟ ಮೇಲೆ ಗೈಡ್ ರಜಬ್ ಮೈಕು ಊದಿದ:
ಸಾವಿರಕ್ಕೂ ಮಿಕ್ಕಿ ತುಂಡು ಮಾಡಿದರು ಗುಡಿಯನ್ನು,
ತುಂಡಿಗೊಂದು ನಂಬರು, ಅರವತ್ತೈದು ಮೀಟರು ಮೇಲಕ್ಕೆ,
ಲೋಕವೆಲ್ಲ ಸೇರಿ ದುಡ್ಡು ಕೊಟ್ಟಿತು, ಕೂದಲೆಳೆ ಆಚೀಚೆಯಾಗಲಿಲ್ಲ.
ಬಸ್ಸು "ಓ" ಅಂದಿತು.
ಅಜ್ಜಿಯ ಮಂಚಕ್ಕೂ ಸುಣ್ಣದಲ್ಲೊಂದು ನಂಬರು ಬರೆದಿದ್ದರು.
ಮಂಚ ಬಂತು.
ಅಂಗಳಕ್ಕೆ ನಂಬರು ಇರಲಿಲ್ಲ.

ಗುಡ್ಡ ಸುತ್ತಿ ಬಂದರೆ, ಓಹೋ, ನಾಲ್ವರು.
ಮುಖದ ಮೇಲೆ ಎಳೆಬಿಸಿಲು, ತುಟಿಯಲ್ಲಿ
ಊಟ ಮುಗಿಸಿದವರ ನೆಮ್ಮದಿ.
ಒಬ್ಬನಿಗೆ ಸೊಂಟದಿಂದ ಮೇಲಿಲ್ಲ;
ತಲೆ ಎಂದೋ ಬಿದ್ದು ಕಾಲ ಬಳಿ ಹೊರಳಿದೆ.
ಆ ಬಿದ್ದ ತಲೆಯನ್ನೂ ಹೊತ್ತು ತಂದು,
ಬಿದ್ದಿದ್ದ ಹಾಗೆಯೇ, ಅದೇ ಓರೆಯಲ್ಲಿ
ಮಲಗಿಸಿದ್ದಾರೆ.
ಅಲ್ಲಿ ಸ್ವಲ್ಪ ಹೊತ್ತು ನಿಂತೆ.

ಹೆಬ್ಬೆರಳಿನ ಮುಂದೆ ಹಗ್ಗ.
"ದಾಟಬಾರದು," ಅಂದ ಕಾವಲಿನ ಹುಡುಗ.
"ದಾಟಲ್ಲಪ್ಪ, ಅಳೆಯಬೇಕು."
"ಏನನ್ನು?"
"ನಮ್ಮಮ್ಮನನ್ನು."
ಅವನು ಹಗ್ಗ ಬಿಚ್ಚಲಿಲ್ಲ. ಆಚೆ ತಿರುಗಿ
ಸಿಗರೇಟಿಗೆ ಬೆಂಕಿಕಡ್ಡಿ ಹುಡುಕಿದ, ತುಂಬ ಹೊತ್ತು ಹುಡುಕಿದ.
ನಾನೂ ದಾಟಲಿಲ್ಲ.
ಹಗ್ಗದ ಈಚೆ ನಿಂತು ಕಣ್ಣಲ್ಲೇ ಒಂದು ಹುಡುಗಿಯನ್ನು ನಿಲ್ಲಿಸಿದೆ.
ಸಣ್ಣಕಿದ್ದಳು. ಕಂಕುಳಲ್ಲಿ ಎತ್ತಿಕೊಳ್ಳಬಹುದಿತ್ತು.

ನೀರಿನೆದುರು ಬೆಂಚು. ತಿಂಡಿಗೆ ಇಪ್ಪತ್ತು ನಿಮಿಷ.
ನಾನು ಕಟ್ಟಿದ ಡಬ್ಬಿಯನ್ನು ನನಗೇ ಕೊಟ್ಟರು.
"ಬಲ್ಲಾನಾ ಎಲ್ಲಿ?" ಕೇಳಿದೆ. ರಜಬ್ ಕೊಡೆಯ ತುದಿಯಿಂದ
ದಕ್ಷಿಣದ ಕಡೆ ಒಂದಿಷ್ಟು ನೀಲಿಯನ್ನು ತೋರಿಸಿದ.
ಮೊಟ್ಟೆ ಸುಲಿದೆ. ಡಬ್ಬಿಯನ್ನೆಲ್ಲ ತಡಕಿದೆ.
ಉಪ್ಪು ಹಾಕಲು ಮರೆತಿದ್ದೇನೆ.
ಹೆಸರಿಗೆ ಸುಕ್ಕರಾ, ಅಂದರೆ ಸಕ್ಕರೆ;
ಹನ್ನೊಂದು ವರ್ಷದಲ್ಲಿ ಹೀಗೆ ಎಷ್ಟು ಜನ
ಸಪ್ಪೆ ಮೊಟ್ಟೆ ನುಂಗಿ, ಕೆರೆ ನೋಡಿ,
ಒಂದು ಮಾತೂ ಆಡದೆ ತಮ್ಮ ದೇಶಕ್ಕೆ ಹೋದರೋ!

ಸಂಜೆ ಅಮ್ಮ ಕಾಯುತ್ತಿದ್ದಳು.
"ಹೇಗಿದ್ದಾನೆ?"
"ಕೂತಿದ್ದಾನೆ."
"ನೆರಳು?"
"ನಾವು ಹತ್ತೂವರೆಗೇ ಹೊರಟೆವಮ್ಮ."
ಅವಳು ತಲೆಯಾಡಿಸಿದಳು, ಬಸ್ಸುಗಳದ್ದೇ ತಪ್ಪೆಂಬಂತೆ.
"ಅದು ಬೀಳೋದು ಮಧ್ಯಾಹ್ನ ಕಣೇ.
ಆಗ ಅಲ್ಲಿ ಯಾರು ಮಲಗ್ತಾರೆ ಈಗ?"

ನಾಳೆಗೆ ಮೂವತ್ತೆಂಟು ಡಬ್ಬಿ.
ಉಪ್ಪನ್ನು ಮೊದಲು ಕಟ್ಟಿಟ್ಟೆ.